ನೂರ ಇಪ್ಪತ್ತೆಂಟನೆಯ ನರ್ಸ್

ನನಗೆ ಜಾವಾ ಕಲಿಸಿದ ಶೈಲಕ್ಕ,

ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಕೋಡನ್ನು ಹನ್ನೊಂದು ಸಲ ವಾಪಸ್ ಕಳಿಸಿದ್ದಿರಿ, ನೆನಪಿದೆಯಾ? ಬಾತ್‌ರೂಮಿನಲ್ಲಿ ಅತ್ತು ಬಂದರೆ, "ಅತ್ತಿದ್ದು ಮುಗೀತಾ? ಇಪ್ಪತ್ತನೇ ಸಾಲು ನೋಡೇ" ಅಂದಿರಿ. ನೀವು ಹೋಗಿ ಐದು ತಿಂಗಳಾಯಿತು. ಬೈಯೋಕೆ ನೀವಿಲ್ಲ ಅಂತ ಬಸವೇಶ್ವರನಗರದ ಈ ಆಫೀಸಿನಲ್ಲಿ ಎಲ್ಲರಿಗೂ ಬಾಯಿ ಬಂದಿದೆ. ನನಗೂ ಬಂದಿದೆ ಬಿಡಿ.

ಆಸ್ಪತ್ರೆ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕ್ಲಿನಿಕ್‌ಗಳ ಲಾಗಿನ್ ಬರೆದಿರಲ್ಲ, ನರ್ಸ್‌ಗಳು ಲ್ಯಾಬ್ ರಿಪೋರ್ಟ್ ನೋಡೋದಕ್ಕೆ, ಅದೇ ಈಗ ಕೈಕೊಟ್ಟಿತು. ಹಳಬರಿಗೆಲ್ಲ ಸರಿ, ಸುಂಕದಕಟ್ಟೆಯ ಹೊಸ ಕ್ಲಿನಿಕ್‌ನವರಿಗೆ ಮಾತ್ರ ಆಗುತ್ತಿಲ್ಲ. "ಅವ್ರಿಗೆ ಪಾಸ್‌ವರ್ಡ್ ಹೊಡೆಯೋಕೇ ಬರಲ್ಲ ಬಿಡಿ" ಅಂದರು ಮ್ಯಾನೇಜರ್ ಪ್ರಕಾಶ್ ಸರ್. ನಾನು ಗಾಡಿ ತೆಗೆದುಕೊಂಡು ಅಲ್ಲಿಗೇ ಹೋದೆ. ಕೊಪ್ಪಳ ಕಡೆಯಿಂದ ಬಂದ ರೇಣುಕಾ ಅನ್ನೋ ನರ್ಸ್ ನನ್ನೆದುರೇ ಪಾಸ್‌ವರ್ಡ್ ಹೊಡೆದು ತೋರಿಸಿದಳು. ಪಾಸ್‌ವರ್ಡ್ ಒಪ್ಪಿತು, ಮರುಕ್ಷಣವೇ ಹೊರಗೆ ದಬ್ಬಿತು. "ನೋಡ್ರಿ ಮೇಡಂ, ನಂದೇನ್ ತಪ್ಪೈತ್ರಿ? ಸೋಮವಾರದೊಳಗ ಕಲೀಲಿಲ್ಲಂದ್ರ ಬ್ಯಾರೆಯವ್ರನ್ನ ತಗೋತೀನಿ ಅಂತಾರ ಡಾಕ್ಟರು."

ಮೀಟಿಂಗಿನಲ್ಲಿ ಇದನ್ನು ಹೇಳಿದೆನೋ ಇಲ್ಲವೋ, ಪ್ರಕಾಶ್ ಸರ್ ವರಸೆ ಬದಲಿಸಿದರು. "ಹಾಗಾದ್ರೆ ಶೈಲಜಾ ಕೋಡೇ ಸರಿ ಇಲ್ಲ. ಕೀಮೋ ತಗೊಳ್ತಾ ಬರೆದಿದ್ದು, ಆ ಸ್ಥಿತೀಲಿ ತಲೆ ಎಲ್ಲಿ ಓಡುತ್ತೆ?" ನನಗೆ ಮೈಯೆಲ್ಲ ಉರಿಯಿತು. "ಆ ಸ್ಥಿತೀಲೂ ಅವರ ತಲೆ ನಿಮ್ಮ ತಲೆಗಿಂತ ಚೆನ್ನಾಗೇ ಓಡ್ತಿತ್ತು ಸಾರ್" ಅಂದುಬಿಟ್ಟೆ. ನೀವಿದ್ದಿದ್ದರೆ ನಗುತ್ತಿದ್ದಿರಾ, ಬೈಯುತ್ತಿದ್ದಿರಾ?

ಎರಡು ದಿನ ಸರ್ವರ್, ಡೇಟಾಬೇಸ್ ಎಲ್ಲವನ್ನೂ ಜಾಲಾಡಿದೆ, ನಿಮ್ಮ ಫೈಲೊಂದನ್ನು ಬಿಟ್ಟು. ಮೂರನೇ ದಿನ ಅದನ್ನೂ ತೆರೆದೆ. ಅಲ್ಲೇ ಇತ್ತು ಅಕ್ಕ. ಬೋರ್ಡಿನ ಮೇಲೆ ಎರಡು ಡಬ್ಬಿ ಬರೆದು, "ಡಬ್ಬಿ ಹೋಲಿಸ್ಬೇಡಿ, ಒಳಗಿರೋ ನಂಬರ್ ಹೋಲಿಸಿ" ಅಂತ ನಮಗೆಲ್ಲ ಗಿಣಿಪಾಠ ಮಾಡಿಸಿದವರು ನೀವು. ಪ್ರತಿ ನರ್ಸ್‌ಗೂ ನಾವು ಕೊಡೋ ನಂಬರ್ ಇದೆಯಲ್ಲ, ಲಾಗಿನ್ ಆದವರದು ಅದೇನಾ ಅಂತ ನೋಡೋ ಜಾಗದಲ್ಲಿ ಡಬ್ಬಿಗಳನ್ನೇ ಹೋಲಿಸಿದ್ದೀರಿ. ನೂರ ಇಪ್ಪತ್ತೇಳರವರೆಗೆ ಜಾವಾ ಒಂದು ನಂಬರಿಗೆ ಒಂದೇ ಡಬ್ಬಿ ಕೊಡುತ್ತೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿಂದಾಚೆಗೆ ಪ್ರತಿ ಸಲ ಹೊಸ ಡಬ್ಬಿ, ಒಳಗಿನ ನಂಬರ್ ಒಂದೇ ಆದರೂ ಡಬ್ಬಿ ಬೇರೆ ಅಂತ ಹೊರಗೆ ದಬ್ಬುತ್ತೆ. ರೇಣುಕಾ ನಮ್ಮ ನೂರ ಇಪ್ಪತ್ತೆಂಟನೆಯವಳು. ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತು ಗೊತ್ತಾ? ನಿಮಗೋಸ್ಕರ ಅಷ್ಟು ಜಗಳ ಆಡಿ ಕೊನೆಗೆ...

ಇನ್ನೊಬ್ಬರು ಓದಿ ಪಾಸ್ ಮಾಡದೆ ನಮ್ಮಲ್ಲಿ ಯಾರ ಕೋಡೂ ಒಳಗೆ ಹೋಗಲ್ಲ, ಆ ನಿಯಮ ತಂದವರೂ ನೀವೇ. ಇದನ್ನು ಯಾರು ಪಾಸ್ ಮಾಡಿದ್ದು ಅಂತ ನೋಡಿದೆ. ನನ್ನ ಹೆಸರಿತ್ತು. ನೀವು ಕಳಿಸಿದ ಒಂದೇ ನಿಮಿಷಕ್ಕೆ ಪಾಸ್. ಅದರ ಮೇಲೆ ನೀವು ಬರೆದ ಸಾಲು: "ಗೀತಾ, ಪೂರ್ತಿ ಓದೇ. ನಂಗೆ ಅಕ್ಷರ ಎರಡೆರಡು ಕಾಣ್ತಿದೆ." ಆ ಸಾಲನ್ನೂ ನಾನು ಓದಿರಲಿಲ್ಲ. ಶೈಲಕ್ಕ ಬರೆದಿದ್ದರಲ್ಲಿ ನಾನೇನು ನೋಡೋದು ಅಂದುಕೊಂಡಿದ್ದೆ. ಅದನ್ನೇ ಗೌರವ ಅಂದುಕೊಂಡಿದ್ದೆ ಅಕ್ಕ. ನಾಚಿಕೆಯಾಗುತ್ತೆ.

ಭಾನುವಾರ ಮಧ್ಯಾಹ್ನ ಸರಿಮಾಡಿ, ಇನ್ನೊಬ್ಬರಿಂದ ಪೂರ್ತಿ ಓದಿಸಿ ಹಾಕಿದೆ. ಸೋಮವಾರ ಬೆಳಿಗ್ಗೆ ರೇಣುಕಾ ಫೋನಿನಲ್ಲಿ, "ಒಳಗ ಹೋತ್ರೀ ಮೇಡಂ!" ಅಂತ ಕೂಗಿದಳು. ಅವಳ ಕೆಲಸ ಉಳಿಯಿತು. ಆದರೆ ಪ್ರಕಾಶ್ ಸರ್ ಕ್ಲಿನಿಕ್‌ಗಳಿಗೆ ಕಳಿಸೋ ರಿಪೋರ್ಟಿನಲ್ಲಿ, "ಕಾರಣ: ದಿವಂಗತ ಉದ್ಯೋಗಿಯ ಅನಾರೋಗ್ಯ" ಅಂತ ಬರೆದಿಟ್ಟಿದ್ದರು. ಅದನ್ನು ಹೊಡೆದುಹಾಕಿದೆ. "ಹೋದವ್ರ ಹೆಸ್ರಲ್ಲಿದ್ರೆ ಯಾರಿಗೂ ತೊಂದ್ರೆ ಇಲ್ಲ ಅಲ್ವೇನ್ರಿ? ನಿಮ್ಮ ಪ್ರಮೋಷನ್ ಬೇರೆ ಇದೆ" ಅಂದರು. "ನನಗೆ ತೊಂದ್ರೆ ಇದೆ ಸಾರ್" ಅಂದೆ.

ನಿಮ್ಮ ತಪ್ಪನ್ನು ಮುಚ್ಚಿಟ್ಟಿಲ್ಲ, ಬೇಕಾದರೆ ಕೋಪ ಮಾಡಿಕೊಳ್ಳಿ. ರಿಪೋರ್ಟಿನಲ್ಲಿ ಕೋಡ್ ಬರೆದವರು ಶೈಲಜಾ ಅಂತಲೇ ಇದೆ. ಅದರ ಕೆಳಗೆ, ಓದು ಅಂತ ಕೇಳಿಕೊಂಡರೂ ಓದದೆ ಪಾಸ್ ಮಾಡಿದವಳು ಗೀತಾ ಅಂತ ಸೇರಿಸಿ ಎಲ್ಲ ಕ್ಲಿನಿಕ್‌ಗಳಿಗೂ ಕಳಿಸಿಬಿಟ್ಟಿದ್ದೇನೆ. ಇನ್ನು ಯಾರೂ ಅಳಿಸೋಕಾಗಲ್ಲ.

ನಿಮ್ಮ
ಗೀತಾ