ಕೀಲುಕೋಟೆಯ ಬಾಡಿಗೆ ಮನೆ

ಸುಗಟೂರು
೧೬ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಮಗಳು ಪವಿತ್ರಾ,

ಹೇಗಿದ್ದೀಯಮ್ಮ? ಅರ್ಪಿತಳ ಕೆಮ್ಮು ಕಡಿಮೆಯಾಯಿತೇ? ಮಗುವಿಗೆ ತುಮಕೂರಿನ ನೀರು ಒಗ್ಗಲಿಲ್ಲ ಎಂದು ನಿಮ್ಮಮ್ಮ ಹೇಳುತ್ತಿದ್ದಳು. ಡ್ಯೂಟಿ ಮುಗಿಸಿ ಬಂದು ಊಟ ಮಾಡದೆ ಮಲಗಬೇಡ. ಇಲ್ಲಿ ನನ್ನ ಮಂಡಿನೋವು ಇದ್ದ ಹಾಗೇ ಇದೆ, ನಿಮ್ಮಮ್ಮನ ಬಾಯಿಯೂ ಇದ್ದ ಹಾಗೇ ಇದೆ. ಫೋನ್ ಮಾಡಿದರೆ ನೀನು "ಹೂಂ ಅಪ್ಪ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಒಂದನೇ ತಾರೀಖು ಕೋಲಾರದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಬೇಕು, ಅಷ್ಟರಲ್ಲಿ ಮನೆ ಸಿಗದಿದ್ದರೆ ಮಗುವನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಎಂದು ಅಮ್ಮನ ಹತ್ತಿರ ಅತ್ತೆಯಂತೆ. ನಮ್ಮೂರಿಂದಲೇ ಬಸ್ಸಿನಲ್ಲಿ ಓಡಾಡು ಎಂದದ್ದಕ್ಕೆ ಬೇಡ ಎಂದೆಯಂತೆ. ಸರಿ, ಮನೆಯನ್ನೇ ಹುಡುಕೋಣ ಎಂದು ಬ್ರೋಕರ್ ಉಮೇಶನ ಹಿಂದೆ ಮೂರು ದಿನ ಅಲೆದೆ. ನಾನು ಹೋದ ಮನೆಯಲ್ಲೆಲ್ಲ ಎರಡು ಕಡೆಯಿಂದ ಗಾಳಿ ಬರುತ್ತದೆಯೇ, ಮೂಲೆಯಲ್ಲಿ ಇರುವೆ ಇದೆಯೇ, ಪಕ್ಕದವರು ಹೊಗೆ ಹಾಕುತ್ತಾರೆಯೇ ಎಂದು ನೋಡುತ್ತಿದ್ದೆ. "ಏನ್ ಯಜಮಾನ್ರೇ, ಮನೆ ಮಗಳಿಗೋ ರೇಷ್ಮೆ ಹುಳಕ್ಕೋ?" ಎಂದು ಉಮೇಶ ರೇಗಿಸಿದ. ನಗು ಬಂತು. ಆದರೆ ಎಲ್ಲ ಕಡೆ ಕೇಳುವ ಮೊದಲ ಪ್ರಶ್ನೆ ಒಂದೇ, ಗಂಡ ಏನು ಮಾಡುತ್ತಾರೆ ಎಂದು. ಮಗಳು, ಮೊಮ್ಮಗಳು ಇಬ್ಬರೇ ಇರುವುದು ಎಂದ ಕೂಡಲೇ ಅವರಿಗೆ ಖಾಲಿ ಮನೆಗೆ ಯಾರೋ ನೆಂಟರು ಬರುವುದು ನೆನಪಾಗುತ್ತಿತ್ತು. ನಾಲ್ಕು ಮನೆಯವರು ಹೀಗೆ ಮಾಡಿದರು. ಐದನೆಯವರು ಬಾಡಿಗೆಯನ್ನೇ ಎರಡು ಸಾವಿರ ಏರಿಸಿದರು. ನಿನಗೆ ಬರುವ ಸಂಬಳದಲ್ಲಿ ಅದು ಆಗುವ ಮಾತಲ್ಲ. ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಕೊನೆಗೆ ಕೀಲುಕೋಟೆಯಲ್ಲಿ ಸುನಂದಮ್ಮ ಎಂಬ ರಿಟೈರ್ಡ್ ಟೀಚರ್ ಮನೆ ಕಂಡೆವು. ಕೆಳಗೆ ಅವರೊಬ್ಬರೇ, ಮೇಲೆ ಒಂದು ರೂಮು, ಹಾಲು, ಅಡುಗೆಮನೆ. ಬಾಡಿಗೆ ಐದೂವರೆ ಸಾವಿರ, ಆಸ್ಪತ್ರೆಗೆ ನಡೆದೇ ಹೋಗಬಹುದು. ಗಂಡನ ವಿಷಯ ಅವರು ಕೇಳಲೇ ಇಲ್ಲ. ನಿಮ್ಮ ಮನೆಯವರನ್ನು ಒಮ್ಮೆ ನೋಡಿ ಹೇಳುತ್ತೇನೆ ಎಂದರು. ಬುಧವಾರ ಹೇಳದೆ ಕೇಳದೆ ಬಸ್ಸಿಳಿದು ನಮ್ಮ ಬಾಗಿಲಿಗೇ ಬಂದುಬಿಟ್ಟರು, ಮೈಗೆ ಘಮ್ಮೆನ್ನುವ ಪೌಡರ್ ಬೇರೆ. ನಮ್ಮ ರೇಷ್ಮೆ ಹುಳು ಪೊರೆ ಕಳಚಿ ನಾಲ್ಕನೇ ಜ್ವರ ಎದ್ದು ಸೊಪ್ಪು ಮೇಯುತ್ತಿದ್ದವು. ಆ ಹೊತ್ತಿನಲ್ಲಿ ಹುಳುವಿಗೆ ಸೋಂಕು ತಗುಲೀತೆಂದು ಹೊರಗಿನವರನ್ನು ಒಳಗೆ ಬಿಡುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ. ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದು, ಅಲ್ಲೇ ನಿಲ್ಲಿ ಎಂದುಬಿಟ್ಟೆ. ನೀರು ತರಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅವರು ಬಸ್‌ಸ್ಟಾಪಿನ ಕಡೆ ಹೊರಟುಹೋಗಿದ್ದರು. ನಿಮ್ಮಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಮಾರನೆಯ ದಿನವೇ ಹೋಗಿ ಹುಳುವಿನ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡು, "ಒಂದ್ ಹೆಂಗ್ಸು ಅಷ್ಟ್ ದೂರದಿಂದ ನಿಮ್ ಬಾಗ್ಲಿಗೆ ಬಂದ್ರೆ ನಿಲ್ಸೋದು ಹಿಂಗೇನಾ?" ಎಂದರು. ಅರವತ್ತು ದಾಟಿದವನು ಅವರ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಒಳಗೆ ಹೋಗಿ ಬೀಗದ ಕೈ ತಂದು ಕೊಟ್ಟರು. ಕರಾರು ಪತ್ರ ನಿನ್ನ ಹೆಸರಿಗೇ ಇರಲಿ ಎಂದಿದ್ದಾರೆ.

ಅರ್ಪಿತಳಿಗೆ ನನ್ನ ಮುತ್ತು. ನಿನ್ನ ಹೊಸ ಕೆಲಸ ಕೈಹಿಡಿಯಲಿ, ತಾಯಿ ಮಗಳು ಸುಖವಾಗಿರಿ ಎಂದು ಹರಸುವ,

ನಿನ್ನ ಅಪ್ಪ
ಕೋದಂಡರಾಮಪ್ಪ

ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ಸುನಂದಮ್ಮನವರಿಗೆ ಹೇಳಿದ್ದನ್ನು ನಿನಗೂ ಹೇಳಲೇಬೇಕು. ಕಾರ್ತಿಕದಲ್ಲಿ ನೀನು ಗಂಡನ ಮನೆ ಬಿಟ್ಟು, ಮಗುವನ್ನು ಎತ್ತಿಕೊಂಡು ಬಂದೆಯಲ್ಲ, ನಿಮ್ಮಮ್ಮ ಬೈರಕೂರಿಗೆ ಹೋಗಿದ್ದ ದಿನ. ಹುಳು ಜ್ವರಕ್ಕೆ ಕೂತಿವೆ, ಈಗ ಒಳಗೆ ಬರಬೇಡ ಎಂದು ನಿನ್ನನ್ನು ಬಾಗಿಲಿಂದಲೇ ಕಳಿಸಿದೆ. ಅವತ್ತು ಮನೆಯಲ್ಲಿ ಒಂದು ಹುಳುವೂ ಇರಲಿಲ್ಲಮ್ಮ. ಊರವರ ಬಾಯಿಗೆ ಹೆದರಿದೆ. ಇದನ್ನು ನಿಮ್ಮಮ್ಮನಿಗೂ ನಾನೇ ಹೇಳುತ್ತೇನೆ. ಕೀಲುಕೋಟೆಗೆ ಹೋಗುವ ಮೊದಲು ಇಲ್ಲಿಗೆ ಬಾ. ಹುಳು ಇದ್ದರೂ ಒಳಗೆ ಬಾ.