‘ನಿಮ್ಮಿಷ್ಟ’ ಎಂದವರ ಮನೆಯಿಂದ

ತೇಲೂರು, ಎಂಟನೆಯ ಸಾಲು
ಎರಡನೆಯ ಕತ್ತಲಮಾಸದ ನಲವತ್ತೊಂದನೆಯ ದಿನ, 2217

ಪೂಜ್ಯ ಭುವನೇಶ್ವರಿ ಅಜ್ಜಿಯವರಿಗೆ, ನಿಮ್ಮಿಂದ ಏಳನೆಯ ತಲೆಮಾರಿನ ಹಿಮಗುರವ್ವ ಮಾಡುವ ಶರಣು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದವನ್ನು ಬದಿಗಿಡಬೇಡಿ. ತಿಂಗಳೆಂದರೆ ಮೂವತ್ತು ದಿನ ಎಂಬ ಕಟ್ಟು ನಮ್ಮಲ್ಲಿಲ್ಲ. ಚಳಿಗಾಲಕ್ಕೆ ಸೂರ್ಯ ಒಮ್ಮೆ ಮುಳುಗಿದನೆಂದರೆ ನೂರಾ ಹತ್ತು ದಿನ ಮುಖ ತೋರಿಸುವುದಿಲ್ಲ. ಆ ಕಾಲವನ್ನು ಎರಡು ಪಾಲು ಮಾಡಿ ಕತ್ತಲಮಾಸ ಎನ್ನುತ್ತೇವೆ. ನನ್ನ ಕನ್ನಡವೂ ನಿಮಗೆ ಒಡ್ಡೊಡ್ಡಾಗಿ ಕೇಳಿಸಬಹುದು. ಸುಮಾರು ಇನ್ನೂರು ವರ್ಷ ಹಿಮದಲ್ಲಿಟ್ಟ ಭಾಷೆ ಇದು, ಊಟದ ಹೊತ್ತಿಗಷ್ಟೇ ಹೊರಗೆ ತೆಗೆಯುತ್ತೇವೆ. ನಿಮಗೀಗ ಮೂವತ್ತೆಂಟು, ನನಗೆ ನಲವತ್ತಾರು. ಆದರೂ ನಿಮ್ಮನ್ನು ಅಜ್ಜಿ ಎನ್ನದೆ ವಿಧಿಯಿಲ್ಲ. ಈ ಎಲ್ಲ ವಿಚಿತ್ರಕ್ಕೆ ಕ್ಷಮೆಯಿರಲಿ. ಮುಂದೆ ಬರೆಯುವುದಕ್ಕೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ಇದನ್ನು ತಂದದ್ದು ಹಿಂದಂಚೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ ಎಂದರೆ ನಿಮಗೆ ಅರ್ಥವಾದೀತು, ನೀವೇ ಅಂಚೆಯವರು. ಒಬ್ಬರ ಆಯುಷ್ಯಕ್ಕೆ ಒಂದೇ ಕಾಗದ, ಅದಕ್ಕೆ ಉತ್ತರ ಬರುವ ದಾರಿ ಇಲ್ಲ. ಹೆಚ್ಚಿನವರು ಸತ್ತ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ಬ್ಯಾಡಗಿಯ ಪಕ್ಕದ ಹಳ್ಳಿಯಲ್ಲಿರುವ ನಿಮ್ಮ ಅಂಚೆ ಶಾಖೆಗೆ ಮಂಗಳವಾರದ ಚೀಲ ಬಂದಾಗ ಅದರಲ್ಲಿ ಈ ಕಾಗದ ಇರುತ್ತದೆ, ನೀವೇ ಮುದ್ರೆ ಒತ್ತುತ್ತೀರಿ. ಗುರುವಾರ ನಿಮ್ಮ ಯಜಮಾನರು, ಮಹಾಂತೇಶ ಅಜ್ಜನವರು, ನಾರ್ವೆಯ ಕೆಲಸದ ಕರಾರಿಗೆ ಸಹಿ ಹಾಕುತ್ತಾರೆ. ನಡುವೆ ಇರುವುದು ಬುಧವಾರ ಒಂದೇ.

ನಿಮ್ಮ ಮನೆಯ ಸುದ್ದಿ ನನಗೆ ಹೇಗೆ ಗೊತ್ತು ಎಂದರೆ, ನೀವು ಫೋನಿನಲ್ಲಿ ಕಳಿಸಿದ ಧ್ವನಿಗಳೆಲ್ಲ ಉಳಿದುಕೊಂಡಿವೆ. ಅಳಿಸಿದ್ದೇವೆ ಎಂದುಕೊಂಡವೂ ಉಳಿದಿವೆ. ಈ ಕತ್ತಲಮಾಸವೆಲ್ಲ ನಾನು ಅವನ್ನೇ ಕೇಳುತ್ತಾ ಕೂತಿದ್ದೆ. ಅಜ್ಜನವರು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಯಂತ್ರದ ಹಿಂದೆ ನಿಂತು ರಾಣೆಬೆನ್ನೂರಿನ ಅಕ್ಕನಿಗೆ ಹೇಳಿದ್ದು ಇದು: “ನನಗೇನ್ ಹುಚ್ಚ ಹಿಡದೈತೇನಕ್ಕಾ, ಆ ಮಂಜಿನ್ಯಾಗ ಹೋಗಿ ಮೀನಾ ಕಾಯಾಕ? ಆದ್ರ ಭುವನಾ ಭಾಳ ಆಶಾ ಇಟ್ಕೊಂಡಾಳ, ಹುಡುಗಿ ಸಾಲಿ ಚಲೋ ಆಗ್ತೈತಿ ಅಂತ. ಅಕಿ ಮನಸ್ಸು ಹೆಂಗ ಮುರೀಲಿ?” ಅದೇ ದಿನ ನೀವು ನಿಮ್ಮ ಗೆಳತಿಗೆ ಹೇಳಿದ್ದು: “ನನಗ ಒಂಚೂರೂ ಮನಸ್ಸಿಲ್ಲ ನೋಡ. ನನ್ನ ಆಫೀಸು, ನನ್ನ ಮಂದಿ, ಎಲ್ಲಾ ಇಲ್ಲೇ ಐತಿ. ಆದ್ರ ಅವರು ಹೂಂ ಅಂದ್ಬಿಟ್ಟಾರ. ನಾ ಬ್ಯಾಡ ಅಂದ್ರ ಮುಂದ ಜನ್ಮಪೂರ್ತಿ ಇಕಿಯಿಂದ ಕೆಟ್ಟೆ ಅಂತಾರ.” ನಿಮ್ಮ ಅತ್ತೆ ಗುರವ್ವನವರು ಊರು ಬಿಡಲಾರೆನೆಂದು ಎದುರು ಮನೆಯವರ ಮುಂದೆ ಅತ್ತಿದ್ದು ಕೂಡ ನಿಮ್ಮ ಮಗಳು ಪ್ರಾರ್ಥನಾಳ ಫೋನಿನಲ್ಲಿ ಹಿಂದೆಲ್ಲೋ ಸಣ್ಣದಾಗಿ ಕೇಳಿಸುತ್ತದೆ. ಹನ್ನೊಂದು ವರ್ಷದ ಆ ಹುಡುಗಿ ತನ್ನ ಖೊಖೊ ತಂಡದ ನಾಯಕಿಗೆ ಜಿಲ್ಲಾ ಪಂದ್ಯಕ್ಕೆ ತಾನು ಇದ್ದೇ ಇರುತ್ತೇನೆ ಎಂದು ಮಾತು ಕೊಟ್ಟಿದ್ದಾಳೆ.

ಆಮೇಲೆ ಭಾನುವಾರ ನಾಲ್ವರೂ ಊಟಕ್ಕೆ ಕೂತಿರಿ. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಪ್ರಾರ್ಥನಾ ಯಾವುದೋ ಹಾಡು ರೆಕಾರ್ಡ್ ಮಾಡಲು ಹೋಗಿ ಫೋನನ್ನು ಹಾಗೇ ಬಿಟ್ಟಿದ್ದರಿಂದ ಇದೂ ಉಳಿದಿದೆ. ಅಜ್ಜನವರು ಕೆಮ್ಮಿ, ಏನು ಮಾಡೋಣ ಎಂದು ಕೇಳಿದರು. ನೀವು “ನಿಮ್ಮಿಷ್ಟರೀ” ಎಂದಿರಿ. ಅವರು, ನನ್ನದೇನಿದೆ, ಅವ್ವ ಹೇಳಲಿ ಎಂದರು. ಗುರವ್ವನವರು “ನಿಮ್ಮಿಷ್ಟಪಾ, ನನ್ನದೇನೈತಿ” ಎಂದರು. ಹುಡುಗಿಯನ್ನು ಕೇಳಿದರೆ ಅವಳೂ ಅದನ್ನೇ ಅಂದಳು. ಯಾರೋ ಇನ್ನೊಂದು ರೊಟ್ಟಿ ಹಾಕಿದರು. ಅಷ್ಟೇ, ತೀರ್ಮಾನವಾಯಿತು. ನಾಲ್ಕು ಮಂದಿಯಲ್ಲಿ ಒಬ್ಬರಿಗೂ ಬೇಡವಾದ ಊರಿಗೆ ನಾಲ್ವರೂ ಹೊರಟುನಿಂತಿರಿ. ಇದನ್ನು ಮೊದಲ ಸಲ ಕೇಳಿದಾಗ ನಕ್ಕೆ. ಎರಡನೆಯ ಸಲ ಕೇಳಿದಾಗ ಹೇಸಿಗೆಯಾಯಿತು. ಒಬ್ಬರ ಮನಸ್ಸು ಒಬ್ಬರು ಕಾಯುತ್ತಿದ್ದೇವೆ ಎಂದು ನೀವೆಲ್ಲ ನಂಬಿದ್ದಿರಿ. ನನಗೆ ಹಾಗೆ ಕಾಣಲಿಲ್ಲ. ನಾಳೆ ಏನಾದರೂ ಕೆಟ್ಟರೆ ಅದು ತನ್ನ ತಲೆಗೆ ಬರಬಾರದು ಎಂದು ನಾಲ್ವರೂ ಮೆಲ್ಲಗೆ ಹಿಂದೆ ಸರಿದು ಕೂತದ್ದು ಕಂಡಿತು.

ಅಲ್ಲಿ ನಿಮ್ಮ ಗತಿ ಏನಾಯಿತು ಎಂದು ಹೆದರಿಸುವುದಿಲ್ಲ, ಯಾರೂ ಉಪವಾಸ ಬೀಳಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ತಂಪಾಗಿಡುತ್ತಿದ್ದ ಅಜ್ಜನವರು ಅಲ್ಲಿ ಮೀನನ್ನು ತಂಪಾಗಿಟ್ಟರು. ಅಲ್ಲಿಗೆ ಹೋದ ಮೂರನೆಯ ದಿನ ಗುರವ್ವನವರು ಒಂದು ಹಿಡಿ ಮೆಣಸಿನಕಾಯಿ ಹುರಿದರು. ಆ ಘಾಟಿಗೆ ಬೆಂಕಿಯ ಎಚ್ಚರಿಕೆ ಗಂಟೆ ಬಡಿದುಕೊಂಡು ಆರು ಮಹಡಿಯ ಜನ ಚಪ್ಪಲಿಯಿಲ್ಲದೆ ಹಿಮದಲ್ಲಿ ಬಂದು ನಿಂತರು. ಆಮೇಲೆ ಆ ತಾಯಿ ಬದುಕಿರುವವರೆಗೆ ಬಾಣಲೆ ಒಲೆಗೆ ಇಡಲಿಲ್ಲ. ಸಪ್ಪೆ ಅನ್ನ ಉಂಡುಕೊಂಡು, ಕೇಳಿದವರಿಗೆಲ್ಲ ಇಲ್ಲಿ ಚಲೋ ಐತಿ ಎನ್ನುತ್ತಿದ್ದರು. ನೀವು ಇಪ್ಪತ್ತಾರು ವರ್ಷ ಬೇರೆಯವರ ಪಾರ್ಸೆಲ್ಲು ವಿಂಗಡಿಸಿದಿರಿ. ಎಲ್ಲರೂ ಅವರವರ ಧ್ವನಿಗಳಲ್ಲಿ, ಬೇರೆ ಬೇರೆಯವರ ಹತ್ತಿರ, ಒಂದೇ ಮಾತು ಆಡಿದ್ದೀರಿ: ಮಕ್ಕಳಿಗೋಸ್ಕರ ಬಂದೆವು ಎಂದು. ಅಜ್ಜಿ, ಆ ಮಕ್ಕಳು ನಾವು. ನಮ್ಮ ಹೆಸರು ಹೇಳಿ ನೀವು ಮಾಡಿದ್ದು ಯಾವುದೂ ನಮ್ಮ ಸಲುವಾಗಿ ಆಗಿರಲಿಲ್ಲ. ಬೇಡ ಎನ್ನುವ ಒಂದು ಮಾತನ್ನು ನುಂಗಿಕೊಳ್ಳಲು ನಿಮಗೆ ನಾವು ನೀರಿನ ಲೋಟವಾದೆವು.

ನಮ್ಮ ದಿನಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ತೇಲೂರು ಎಂದರೆ ನೀರಿನ ಮೇಲೆ ಕಟ್ಟಿದ ಊರು. ಸಾಲು ಸಾಲಾಗಿ ನಾನೂರು ಮನೆ, ಒಂದಕ್ಕೊಂದು ಕೊಂಡಿ. ಬೆಳಿಗ್ಗೆ ಎದ್ದವರು ಮೊದಲು ನೆಲಕ್ಕೆ ಅಂಗೈ ಇಟ್ಟು ನೋಡುತ್ತೇವೆ, ಒದ್ದೆಯಿಲ್ಲದಿದ್ದರೆ ಆ ದಿನ ಒಳ್ಳೆಯದು. ಪಾಚಿಯ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತೇವೆ, ಹಸಿರಾಗಿರುತ್ತದೆ. ಖಾರಕ್ಕೆ ಸೀಸೆಯಲ್ಲಿ ಹನಿ ಬರುತ್ತದೆ, ಊಟಕ್ಕೆ ಒಬ್ಬರಿಗೆ ಎರಡು ಹನಿ. ನಾನು ಬಿರುಕುಗಾತಿ. ಮನೆಗಳ ಗೋಡೆಗೆ ಕಿವಿಯಿಟ್ಟು ಎಲ್ಲಿ ಸೀಳು ಬಿಡುತ್ತಿದೆ ಎಂದು ಹೇಳುವುದು ನನ್ನ ಕೆಲಸ. ಇಲ್ಲಿ ಕೆಲಸ ಬದಲಾದರೆ ಸಾಮಾನು ಕಟ್ಟುವ ಗೊಡವೆಯಿಲ್ಲ. ಒಂಬತ್ತು ವರ್ಷಕ್ಕೊಮ್ಮೆ ಎತ್ತಂಗಡಿ ಎಂಬುದು ಬರುತ್ತದೆ. ಹಡಗು ಬಂದು ಮನೆಯನ್ನೇ ಎತ್ತಿ, ಕಪಾಟಿನಲ್ಲಿ ತಟ್ಟೆ ಇದ್ದಂತೆಯೇ, ಒಲೆಯ ಮೇಲೆ ಸಾರು ಇದ್ದಂತೆಯೇ, ಹೊಸ ಕಡೆಗೆ ಒಯ್ದು ಇಡುತ್ತದೆ. ನಿಮ್ಮ ನಂತರ ಈ ಮನೆತನ ಒಂಬತ್ತು ಸಲ ಜಾಗ ಬದಲಿಸಿದೆ.

ಆದರೆ ಬಲವಂತದಿಂದ ಯಾರನ್ನೂ ಎತ್ತುವಂತಿಲ್ಲ, ಅದಕ್ಕೆ ಕಾಯಿದೆ ಇದೆ. ಎತ್ತಂಗಡಿಗೆ ಮುಂಚೆ ಮನೆಗೆ ಕಿವಿಡಬ್ಬಿ ಬರುತ್ತದೆ. ಅದು ಅಂಗೈಯಗಲದ ಡಬ್ಬಿ, ಊಟದ ನಡುವೆ ಇಡಬೇಕು. ಆರು ವರ್ಷ ದಾಟಿದ ಪ್ರತಿಯೊಬ್ಬರೂ ಅದರ ಮುಂದೆ ಹೌದು ಅಥವಾ ಬೇಡ ಎನ್ನಬೇಕು. ಒಂದೇ ಒಂದು ಬೇಡ ಬಿದ್ದರೂ ಡಬ್ಬಿಯ ದೀಪ ಆರಿ, ಮನೆ ಇದ್ದಲ್ಲೇ ಉಳಿಯುತ್ತದೆ. ಮೂರು ದಿನ ಬಿಟ್ಟು ಇನ್ನೊಮ್ಮೆ ಕೇಳುತ್ತಾರೆ, ಅಷ್ಟೇ. ಇಂಥ ಕಾಯಿದೆ ನಿಮ್ಮ ಕಾಲದಲ್ಲಿ ಇದ್ದಿದ್ದರೆ ಎಂದು ನೀವು ನಿಟ್ಟುಸಿರು ಬಿಡಬಹುದು. ಬಿಡಬೇಡಿ. ಮೊದಲ ಬಾರಿ ಆ ಡಬ್ಬಿ ನಮ್ಮವರ ಮನೆಗಳಿಗೆ ಬಂದಾಗ ಐದೈದು ತಾಸು ಊಟ ಮುಗಿಯಲಿಲ್ಲವಂತೆ. ಡಬ್ಬಿ ಹೌದೋ ಬೇಡವೋ ಎಂದು ಕೇಳುವುದು, ನಮ್ಮವರು ನಿಮ್ಮಿಷ್ಟ ಎನ್ನುವುದು. ಕೊನೆಗೆ ಬೇಸತ್ತ ಅಧಿಕಾರಿಗಳು ಒಂದು ತಿದ್ದುಪಡಿ ತಂದರು: ಕನ್ನಡ ಮಾತಾಡುವ ಮನೆಗಳಲ್ಲಿ ‘ನಿಮ್ಮಿಷ್ಟ’ ಎಂದರೆ ಹೌದು ಎಂದು ಬರೆದುಕೊಳ್ಳತಕ್ಕದ್ದು. ನಮ್ಮ ಭಾಷೆಯ ಎಷ್ಟೋ ಮಾತುಗಳು ಈ ಚಳಿಗೆ ಸತ್ತಿವೆ. ಕಣಜ ಎಂದರೇನೆಂದು ನನ್ನ ಮಗಳಿಗೆ ಗೊತ್ತಿಲ್ಲ. ಇದೊಂದು ಮಾತು ಮಾತ್ರ ಕಾಯಿದೆ ಪುಸ್ತಕದಲ್ಲಿ ಕಾಲು ಚಾಚಿ ಮಲಗಿದೆ. ಥೂ ಎನ್ನಬೇಕೆನಿಸುತ್ತದೆ, ಅಂದಿದ್ದೇನೆ ಕೂಡ.

ಇಷ್ಟು ಸಿಟ್ಟು ಈಗೇಕೆ ಎಂದರೆ, ಇವತ್ತು ಮಧ್ಯಾಹ್ನದ ಊಟಕ್ಕೆ ಆ ಡಬ್ಬಿ ನಮ್ಮ ಮನೆಗೆ ಬರುತ್ತಿದೆ. ನನಗೆ ಕಡಲಡಿಯಲ್ಲಿ ಹಿರಿಯ ಬಿರುಕುಗಾತಿಯ ಕೆಲಸ ಬಂದಿದೆ. ಕಡಲಡಿ ಎಂದರೆ ಸಮುದ್ರದ ತಳದ ಊರು. ದೊಡ್ಡ ಮನೆ, ನಾಲ್ಕು ಹನಿ ಖಾರ, ಮಗಳಿಗೆ ಒಳ್ಳೆಯ ಶಾಲೆ. ಬಿಸಿಲು ಇಲ್ಲ. ಇಲ್ಲಿ ಇನ್ನು ಹದಿನಾಲ್ಕು ದಿನಕ್ಕೆ ಸೂರ್ಯ ಮೂಡುತ್ತಾನೆ, ಊರಿಗೆ ಊರೇ ಸೂರಿನ ಮೇಲೆ ಹತ್ತಿ ನಿಲ್ಲುತ್ತದೆ. ಕಡಲಡಿಗೆ ಹೋದರೆ ಏಳು ವರ್ಷದ ನನ್ನ ಲೀನವ್ವ ಹದಿನಾರಾಗುವವರೆಗೆ ಬಿಸಿಲು ಕಾಣುವುದಿಲ್ಲ. ನನಗೆ ಹೋಗಲು ಸುತರಾಂ ಮನಸ್ಸಿಲ್ಲ. ಆದರೆ ಗಂಡ ಓಲಪ್ಪನ ಮುಖ ನೋಡಿದರೆ ಆಸೆ ಇದ್ದಂತಿದೆ, ಅತ್ತೆ ಇಂಗ್ರಿದವ್ವನವರು ಏನೂ ಹೇಳುತ್ತಿಲ್ಲ. ನಿನ್ನೆ ಪಾತ್ರೆ ತೊಳೆಯುತ್ತಾ, ಇರಲಿ, ಮಗುವಿಗೋಸ್ಕರ ಹೋದರಾಯಿತು ಎಂದು ನನ್ನಷ್ಟಕ್ಕೇ ಅಂದುಕೊಂಡೆ. ಅಂದುಕೊಂಡವಳಿಗೆ ಅದು ನಿಮ್ಮ ಧ್ವನಿ ಎಂದು ಗೊತ್ತಾಗಿ ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಬಿಟ್ಟೆ. ಊಟದ ಗಂಟೆಯಾಯಿತು. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಊಟ ಮುಗಿಯಿತು. ಡಬ್ಬಿ ಮೊದಲು ಅತ್ತೆಯವರನ್ನು ಕೇಳಿತು. ಅವರು ರೊಟ್ಟಿ ಮುರಿಯುತ್ತಾ ನಿಮ್ಮಿಷ್ಟ ಎಂದರು. ಓಲಪ್ಪ ನನ್ನ ಕಡೆ ತಿರುಗಿ ನಿನ್ನಿಷ್ಟ ಎಂದ. ಆಮೇಲೆ ಲೀನವ್ವನ ಸರದಿ. ಅವಳನ್ನು ಡಬ್ಬಿ ಕೇಳುತ್ತಿರುವುದು ಇದೇ ಮೊದಲು, ನಾವು ಯಾರೂ ಅವಳಿಗೆ ಏನೂ ಹೇಳಿಕೊಟ್ಟಿರಲಿಲ್ಲ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿ, ತಲೆ ತಗ್ಗಿಸಿ, ನಿಮ್ಮಿಷ್ಟ ಎಂದಳು. ತಟ್ಟೆ ಸರಿಸಿ, ಡಬ್ಬಿಗೆ ಕೇಳಿಸುವಂತೆ “ಬ್ಯಾಡ. ನನಗ ಹೋಗಾಕ ಮನಸ್ಸಿಲ್ಲ” ಎಂದೆ. ದೀಪ ಆರಿತು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯಬಹುದಿತ್ತು. ಆದರೆ ಇಂಗ್ರಿದವ್ವನವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ನನ್ನನ್ನು ನೋಡಿದರು. “ಕಡಲಡ್ಯಾಗ ನಮ್ಮಕ್ಕ ಅದಾಳ. ಅಕಿ ಮಾರಿ ನೋಡಿ ಹನ್ನೊಂದು ವರ್ಷಾತು. ನನಗ ಹೋಗಬೇಕಂತ ಭಾಳ ಇತ್ತವಾ” ಎಂದರು. ನಾನು ಈ ಮನೆಗೆ ಬಂದು ಇಪ್ಪತ್ತು ವರ್ಷವಾದರೂ ಅವರಿಗೆ ಏನಾದರೂ ಬೇಕು ಎಂದು ಅವರ ಬಾಯಿಂದ ಕೇಳಿದ್ದು ಇದೇ ಮೊದಲು. ಓಲಪ್ಪನಿಗೆ ಹೋಗುವ ಆಸೆ ಇರಲೇ ಇಲ್ಲವಂತೆ, ನನ್ನ ಬಡ್ತಿ ತಪ್ಪೀತೆಂದು ಸುಮ್ಮನಿದ್ದನಂತೆ. ಮಾತು ಬೆಳೆಯಿತು, ದನಿಗಳು ಏರಿದವು, ಅತ್ತೆ ಬಾಗಿಲು ಹಾಕಿಕೊಂಡು ಒಳಗೆ ಹೋದರು. ಮೂರು ದಿನ ಬಿಟ್ಟು ಡಬ್ಬಿ ಮತ್ತೆ ಬರುತ್ತದೆ. ಅಷ್ಟರೊಳಗೆ ಈ ಜಗಳ ಮುಗಿಯಬೇಕು. ಹೇಗೆ ಮುಗಿಯುತ್ತದೋ ನನಗೆ ತಿಳಿಯದು. ಲೀನವ್ವ ಮಾತ್ರ ನನ್ನ ಪಕ್ಕ ಬಂದು ಕೂತು, ತನಗೆ ಸೂರಿನ ಮೇಲೆ ಹತ್ತಬೇಕು, ಸೂರ್ಯ ಬರುವ ದಿನ ಎಂದು ಹೇಳಿದಳು.

ಈಗ ನನ್ನ ಕೋರಿಕೆ. ನಾಳೆ ಬುಧವಾರ ರಾತ್ರಿಯ ಊಟಕ್ಕೆ ನೀವು ನಾಲ್ವರೂ ಮತ್ತೆ ಕೂರುತ್ತೀರಿ. ನೀವು ಬೇಡ ಎಂದರೆ ನಾನು ಹುಟ್ಟದೇ ಹೋಗಬಹುದು ಎಂದು ಹಿಂದಂಚೆಯವರು ಎಚ್ಚರಿಸಿ, ಒಪ್ಪಿಗೆಗೆ ನನ್ನಿಂದ ರುಜು ಹಾಕಿಸಿಕೊಂಡಿದ್ದಾರೆ. ಲೀನವ್ವನ ತಲೆ ನನ್ನ ತೊಡೆಯ ಮೇಲಿದೆ, ಆದ್ದರಿಂದ ಅದನ್ನು ಹಗುರವಾಗಿ ಬರೆಯಲಾರೆ. ಈ ಕಾಗದವನ್ನು ಹೇಗೆ ಮುಗಿಸುವುದೆಂದು ತೋಚದೆ, ಕೈ ತನ್ನಷ್ಟಕ್ಕೆ ತಾನೇ ‘ಹೇಳುವುದನ್ನು ಹೇಳಿದ್ದೇನೆ, ಇನ್ನು ನಿಮ್ಮಿಷ್ಟ’ ಎಂದು ಬರೆದುಬಿಟ್ಟಿತ್ತು. ಮೇಲೆ ಕಾಣುವ ಮಸಿಯ ಗೀಟು ಅದನ್ನು ಹೊಡೆದುಹಾಕಿದ್ದು.

ಹೋಗಬೇಡಿ. ಇದು ನನ್ನ ಇಷ್ಟ. ಈಗ ನಿಮ್ಮದನ್ನು ಅವರ ಮುಂದೆ ಹೇಳಿ.

ನಿಮ್ಮ
ಹಿಮಗುರವ್ವ