ರನ್‌ವೇ ಮೇಲೆ ಮಾವನ ಮೊಪೆಡ್

ಜನವರಿ 6, ಬೆಳಿಗ್ಗೆ

ಮಾವ ಹೊರಟರು. ಮ್ಯಾಪಿನಲ್ಲಿ ಅವರ ಚುಕ್ಕಿಯೂ ಹೊರಟಿತು. ಮೊಪೆಡ್ ಸೀಟಿನ ಕೆಳಗೆ ಜಿಪಿಎಸ್, ಹವ್ಯಾಸಿಗಳ ವೈರ್‌ಲೆಸ್ಸಾದ ಪುಟ್ಟ ಹ್ಯಾಮ್ ರೇಡಿಯೋ. ಎಲ್ಲಿದ್ದಾರೆ, ಎಷ್ಟು ಸ್ಪೀಡು, ಬ್ಯಾಟರಿ ಎಷ್ಟು ವೋಲ್ಟು — ಎಲ್ಲ ಗಾಳಿಯಲ್ಲಿ ಬಂದು ನನ್ನ ಲ್ಯಾಪ್‌ಟಾಪಿನ ಮ್ಯಾಪಿನಲ್ಲಿ ಕೂರುತ್ತೆ. ಬ್ಯಾಟರಿ 12.6. ಮಾವನ ಬಿಪಿಗಿಂತ ಸ್ಥಿರ.

ಷರತ್ತು ನನ್ನ ಗಂಡ ನಂದೀಶ್‌ರದು. “ಅಪ್ಪ ಫೋನ್ ಎತ್ತಲ್ಲ. ಮ್ಯಾಪಲ್ಲಿ ಕಾಣೋವರ್ಗೂ ಗಾಡಿ ಇರ್ಲಿ. ಕಾಣ್ಲಿಲ್ವಾ, ಮಾರ್ಬಿಡ್ತೀನಿ.”

ಮಾವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಿಟೈರ್ ಆದವರು. ನನಗೂ ಹ್ಯಾಮ್ ಲೈಸೆನ್ಸ್ ಕೊಡಿಸಿದ್ದು ಅವರೇ. ಅಪ್ಪನಿಗೆ ಊರೂರ ಜಾಡು, ಮಗನಿಗೆ ಚಿಂತೆಯ ಜಾಡ್ಯ.

ಜನವರಿ 9

ನಲ್ಲೂರು ದಾಟಿದರೆ ಸಿಗ್ನಲ್ ಇಲ್ಲ. ಚುಕ್ಕಿ ನಿಂತುಬಿಡುತ್ತೆ. ಇವರು “ಬಿದ್ರಾ? ಬಿದ್ರಾ?” ಅಂತ ಹಾಲಿನ ಉದ್ದಗಲಕ್ಕೂ ತಿರುಗ್ತಾರೆ. ಮಾವ ಸೂಲಿಬೆಲೆಯಲ್ಲಿ ಬೋಂಡ ತಿನ್ನುತ್ತಿರುತ್ತಾರೆ.

ಸಾಫ್ಟ್‌ವೇರಲ್ಲಿ ಒಂದು ಸೆಟ್ಟಿಂಗ್ ಇದೆ. ಸುದ್ದಿ ಬರದಿದ್ದರೂ, ಕೊನೆಯ ವೇಗ, ಕೊನೆಯ ದಿಕ್ಕು ಹಿಡಿದು ಚುಕ್ಕಿಯನ್ನು ತಾನೇ ಓಡಿಸುತ್ತೆ. ಆನ್ ಮಾಡಿದೆ. ಇವರಿಗೆ ಹೇಳಲಿಲ್ಲ. ಮಾವನಿಗೆ ಹೇಳಿದೆ.

“ಒಳ್ಳೇದಾಯ್ತು ಬುಡಮ್ಮ. ನಾನು ಬೋಂಡ ತಿಂತೀನಿ, ಗಾಡಿ ಅದು ಓಡಿಸ್ಲಿ.”

ಜನವರಿ 23, ಮಧ್ಯಾಹ್ನ

ಆಫೀಸಿಂದ ಇವರ ಫೋನು. “ಅಪ್ಪ ಎಲ್ಲಿ?”

“ವಾಪಸ್ ಬರ್ತಿದಾರೆ ರೀ. ನಲ್ಲೂರು ದಾಟಿದ್ರು. ಮೂವತ್ತರ ಸ್ಪೀಡು.”

ಕಾಲೇಜಿನ ಪೇಪರ್ ತಿದ್ದುತ್ತ ಕೂತೆ. ತಲೆ ಎತ್ತಿದಾಗ ಚುಕ್ಕಿ ರಸ್ತೆ ಬಿಟ್ಟಿತ್ತು. ಹೊಲ, ಕೆರೆ, ಏರ್‌ಪೋರ್ಟ್ ಕಾಂಪೌಂಡು... ರನ್‌ವೇ ಮೇಲೆ. ಅದೇ ಮೂವತ್ತು. ಟೇಕಾಫ್‌ಗೆ ಸಾಲದು ಅಂತ ನಕ್ಕೆ.

ಆಮೇಲೆ ನಗು ನಿಂತಿತು. ನಿಜವಾಗಿ ಬಂದ ಕೊನೆಯ ಸುದ್ದಿ ನಲ್ಲೂರಿನ ಹುಣಸೆ ತೋಪಿನದು. ಅಲ್ಲಿಂದಾಚೆಗೆಲ್ಲ ಕಂಪ್ಯೂಟರ್ ಕಟ್ಟಿದ ಕತೆ.

ಜನವರಿ 23, ಸಂಜೆ

ಆಟೋದಲ್ಲಿ ಹೋದೆ. ತೋಪಿನ ಪಕ್ಕದ ಮೋರಿಯಲ್ಲಿ ಮೊಪೆಡ್ ಮಗುಚಿತ್ತು, ರೇಡಿಯೋ ವೈರು ಕಿತ್ತಿತ್ತು. ಮಾವ ಹುಣಸೆ ಬುಡಕ್ಕೆ ಒರಗಿದ್ದರು. ಪಾದ ಊದಿತ್ತು.

“ಯಾಕಮ್ಮ ಇಷ್ಟೊತ್ತು?”

“ನೀವು ರನ್‌ವೇ ಮೇಲಿದ್ರಿ ಮಾವ.”

“ವಿಮಾನ ಸಿಕ್ತಾ?”

ತುಟಿ ಒಣಗಿತ್ತು. ನೀರು ಕುಡಿಸಿದೆ.

ಮೂಳೆಯಲ್ಲಿ ಬಿರುಕು. ಆಸ್ಪತ್ರೆಯಲ್ಲಿ ಇವರು: “ಬರ್ತಿದಾರೆ ಅಂದ್ಯಲ್ಲ ಶಿಲ್ಪ?” ಸೆಟ್ಟಿಂಗ್ ವಿಷಯ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 8

ಸೆಟ್ಟಿಂಗ್ ಆಫ್. ಪ್ಲಾಸ್ಟರ್ ಬಿಚ್ಚಿ ವಾರವಾಯ್ತು. ಮೊಪೆಡ್ ಕೊಳ್ಳಲು ಆವತಿಯ ಬೀರೇಶ್ ನಾಳೆ ಬರ್ತಾನೆ. ಮಾವ ರೇಡಿಯೋದ ಕಿತ್ತ ವೈರಿಗೆ ಬೆಸುಗೆ ಹಾಕುತ್ತ ಕೂತಿದ್ದರು.

“ಮಾರೋ ಗಾಡಿಗೆ ಯಾಕೆ ಮಾವ?”

“ಕೆಟ್ಟಿದ್ದನ್ನ ಯಾರ್ಗೂ ಕೊಡಬಾರ್ದು ಕಣಮ್ಮ.”

ಮಾರ್ಚ್ 9, ಬೆಳಿಗ್ಗೆ

ಬೀರೇಶ್ ಗೇಟಿನಲ್ಲಿದ್ದಾನೆ. ಗಾಡಿ ಇಲ್ಲ. ಮಾವನೂ ಇಲ್ಲ.

ಲ್ಯಾಪ್‌ಟಾಪ್ ತೆರೆದೆ. ಚುಕ್ಕಿ ಇದೆ — ನಿಜವಾದದ್ದೇ. ಸೂಲಿಬೆಲೆ ರಸ್ತೆ. ಸ್ಪೀಡು ಇಪ್ಪತ್ತೆಂಟು.

ಇವರು ಬಾಗಿಲಲ್ಲಿ. “ಅಪ್ಪ ಎಲ್ಲಿ? ಮ್ಯಾಪ್ ನೋಡಿ ಹೇಳು. ನಿಜ ಹೇಳು.”

“ಇರಿ, ಲೋಡ್ ಆಗ್ತಿದೆ” ಅಂದೆ. ಏನೋ ಬರೆದುಕೊಳ್ಳುವ ಹಾಗೆ ಇದನ್ನು ಬರೀತಿದೀನಿ. ನಲ್ಲೂರು ದಾಟಲು ಇನ್ನು ಸ್ವಲ್ಪವೇ ದೂರ. ದಾಟಿದರೆ ಸಿಗ್ನಲ್ ಹೋಗುತ್ತೆ, ಇವರು ಹಿಂದೆ ಹೋಗಿ ಹಿಡಿಯೋಕಾಗಲ್ಲ; ಆಗ “ಕಾಣ್ತಿಲ್ಲ ರೀ” ಅನ್ನೋದೂ ನಿಜವೇ.

ಚುಕ್ಕಿ ತೋಪಿನ ಹತ್ತಿರ... ಇವರು ಕನ್ನಡಕ ಹಾಕಿಕೊಂಡು ಈ ಕಡೆಗೇ —